ಪಿಟೀಲಿನ ಜಾಗದಲ್ಲಿ

ಹಾಲಿವುಡ್, ೧೨ ಆಗಸ್ಟ್ ೧೯೪೩, ಗುರುವಾರ

ವಾದ್ಯಗಾರರ ಮುಷ್ಕರಕ್ಕೆ ವರ್ಷವಾಯಿತು. ಸಿನಿಮಾಕ್ಕೆ ನುಡಿಸಬಹುದು, ರೆಕಾರ್ಡಿಗೆ ಮಾತ್ರ ಯಾರೂ ನುಡಿಸುವಂತಿಲ್ಲ. ಅಪ್ಪ ಪಿಟೀಲು ನುಡಿಸಿದ ಸಿನಿಮಾದ ಹಾಡುಗಳು ಇವತ್ತು ಆಲ್ಬಮ್ ಆಗಿ ಬಂದವು. ಯಾವ ದ್ರೋಹಿ ನುಡಿಸಿದ್ದಾನೆಂದು ತಿಳಿಯಲೆಂದೇ ಹಾಕಿ ಕೇಳಿದೆ. ವಾದ್ಯವೇ ಇಲ್ಲ! ಪಿಟೀಲಿನ ಜಾಗದಲ್ಲಿ ಹೆಂಗಸರ ಗುಂಪೊಂದು ಗುನುಗುತ್ತಿತ್ತು. ಅದರಲ್ಲೊಂದು, ನನ್ನನ್ನು ತೊಟ್ಟಿಲಲ್ಲಿ ಮಲಗಿಸಿದ ದನಿ.

“ಅಮ್ಮಾ, ಇದು ನೀನಾ?”

“ಹಾಡೋರಿಗೆ ಮುಷ್ಕರ ಇಲ್ವಲ್ಲೇ, ಇರ್ಮಾ.”

“ಅಪ್ಪನ ಬೆನ್ನಿಗೇ ಚೂರಿ ಹಾಕಿದೆಯಲ್ಲ!” ಎಂದು ಕಿರುಚಿದೆ.

ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ ಅಮ್ಮನಿಗೆ ಹೇಳಿದ: “ಎರಡನೇ ಸಾಲಲ್ಲಿ ಅವಸರ ಮಾಡಿದೀಯ. ನಾನು ಹೇಳ್ಕೊಟ್ಟಿದ್ದು ಹಾಗಲ್ಲ.”

ವಾದ್ಯಗಾರರ ಸಂಘ ನಾಳೆ ಹಂಚುವ ಕರಪತ್ರ ನಾನೇ ಬರೆದದ್ದು. ‘ದ್ರೋಹಿಗಳ ಹೆಸರು ಹೇಳಿ’ ಎಂದು ತಲೆಬರಹ. ಅಪ್ಪ-ಅಮ್ಮನ ಹೆಸರೇ ಹೇಳಲೇ, ಅಥವಾ ಕರಪತ್ರವನ್ನೇ ಹರಿದುಹಾಕಲೇ?