ನಿನ್ನ ಮಗ್ಗುಲಿನ ಬೇಸ್ ಗಿಟಾರ್

ಭಾನುವಾರ, ಮಧ್ಯಾಹ್ನ

ನನ್ನ ಎಡಚನಿಗೆ, ಟೈಲರಮ್ಮನ ನೆನಪುಗಳು.

ನಿಮ್ಮಕ್ಕನ ಕೈಯಲ್ಲಿ ಕೊಟ್ಟು ಕಳಿಸಿದ ಕಾಗದ ಸೇರಿತು. ಹೊಸ ಬ್ಯಾಂಡ್ ಸಿಕ್ಕಿದೆ, ಬೇಸ್ ಗಿಟಾರ್ ಕಳಿಸು ಎಂದಿದ್ದೀಯ. ಹೋದ ವರ್ಷ ಮನೆ ಬಿಟ್ಟು ಹೋಗುವಾಗ ಇನ್ನು ಅದನ್ನು ಮುಟ್ಟುವುದಿಲ್ಲ ಎಂದವನೂ ನೀನೇ. ಇರಲಿ. ಓದಿದಾಗ ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕಾಗದ ಮಡಚಿಟ್ಟು ಯಾರದೋ ಅಂಗಿಗೆ ಗುಂಡಿ ಹೊಲಿದೆ.

ನೀನು ಹೋದ ಮೇಲೆ ಅದನ್ನು ಗೋಡೆಯ ಕೊಕ್ಕೆಗೆ ತೂಗುಹಾಕಲು ಹೋಗಿದ್ದೆ. ಕತ್ತಿನ ತುದಿಗೆ ತಿರುಪಿನ ತಲೆಯೇ ಇಲ್ಲದ ಗಿಟಾರ್ ಕೊಕ್ಕೆಯಲ್ಲಿ ಎಲ್ಲಿ ನಿಲ್ಲುತ್ತದೆ? ಜಾರಿ ನನ್ನ ತೋಳಿಗೇ ಬಿತ್ತು. ಅಂದಿನಿಂದ ಹಾಸಿಗೆಯಲ್ಲಿ, ನಿನ್ನ ಮಗ್ಗುಲಲ್ಲೇ ಮಲಗಿದೆ. ನಮ್ಮಮ್ಮ ನೋಡಿ, ತಲೆ ಇಲ್ಲದಿದ್ರೂ ಅಳಿಯಂದಿರಿಗಿಂತ ವಾಸಿ, ಇಟ್ಟ ಕಡೆ ಇರುತ್ತೆ ಅಂದರು. ನಗಬೇಕಿತ್ತು, ನಗು ಬರಲಿಲ್ಲ.

ನೀನು ಹೇಳಿಕಳಿಸಿದ ಗಿಟಾರ್ ರಿಪೇರಿಯವರು ನಿನ್ನೆ ಬಂದಿದ್ದರು. ಎಡಗೈಯವರದ್ದು, ಅದರಲ್ಲೂ ತಲೆಯಿಲ್ಲದ್ದು, ಈ ಊರಲ್ಲಿ ಇದೊಂದೇ ಇರಬೇಕು, ನಾನು ಹಿಡಿದರೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗಾಗುತ್ತೆ ಎಂದು ನಕ್ಕರು. ತಂತಿ ಮೀಟಿದರು. ಶ್ರುತಿ ಮಾಡಲು ಬುಡದಲ್ಲಿರುವ ತಿರುಪುಗಳನ್ನು ತಿರುಗಿಸಬೇಕಾಗಿಯೇ ಬರಲಿಲ್ಲ. ವರ್ಷದಿಂದ ಬಿದ್ದಿರೋ ವಾದ್ಯ ಶ್ರುತಿಯಲ್ಲಿ ಹೇಗಿದೆ, ಯಾರಾದ್ರೂ ನುಡಿಸ್ತಾರಾ ಎಂದು ಕೇಳಿದರು. ಬಲಗೈಯವಳ ಮನೆಯಲ್ಲಿ ಯಾರು ನುಡಿಸ್ತಾರೆ ಎಂದೆ. ನನ್ನ ಕೈ ನೋಡಿ ಗಿಟಾರನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟರು.

ಅದೂ ಹೋದರೆ ಈ ಮನೆಯಲ್ಲಿ ನಿನ್ನದು ಅಂತ ಏನೂ ಉಳಿಯುವುದಿಲ್ಲ. ನೀನು ಬರುವುದಕ್ಕೆ ಒಂದು ನೆಪವೂ ಇರುವುದಿಲ್ಲ. ಇಷ್ಟು ಬರೆಯುವಾಗಲೂ ಅಳು ಬರುತ್ತಿಲ್ಲ, ಎದೆ ಮರಗಟ್ಟಿದೆ. ಆದರೂ ವಾದ್ಯ ನಿನ್ನದು. ಬುಧವಾರ ರಿಪೇರಿಯವರ ಕೈಗೆ ಕೊಟ್ಟುಬಿಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಟೈಲರಮ್ಮ

ತಾ.ಕ.: ಸಹಿ ಹಾಕಿದ ಮೇಲೆ ಹೇಳುತ್ತಿದ್ದೇನೆ, ಕೊಡುವುದಿಲ್ಲ. ದಿನಾ ಅದನ್ನು ನಿನ್ನ ಹಾಗೆಯೇ ಹಿಡಿದು ಎಡಗೈಯಲ್ಲಿ ಮೀಟುತ್ತೇನೆ, ಬಲಗೈಯಲ್ಲಿ ತಂತಿ ಒತ್ತುತ್ತೇನೆ. ಬಲಗೈ ಬೆರಳ ತುದಿಗಳು ಜಡ್ಡುಗಟ್ಟಿ ಬಟ್ಟೆಯ ನಯ ತಿಳಿಯದಾಗಿದೆ. ಮೊನ್ನೆ ಸೂಜಿ ಚುಚ್ಚಿಕೊಂಡದ್ದು ಗೊತ್ತಾಗಿದ್ದೇ ಗಿರಾಕಿಯ ಬಿಳಿ ಅಂಗಿಯ ಮೇಲೆ ರಕ್ತ ಕಂಡಾಗ. ನನಗಿನ್ನೂ ಒಂದೇ ಹಾಡು ಬರುತ್ತದೆ, ಅದೂ ಅರ್ಧ. ಗಿಟಾರ್ ಬೇಕಿದ್ದರೆ ನೀನೇ ಬಾ, ಉಳಿದರ್ಧ ಹೇಳಿಕೊಟ್ಟು ತೆಗೆದುಕೊಂಡು ಹೋಗು.