ಏಳೆಂಟ್ಲಿ ಎಷ್ಟೆಂದು ಇನ್ನೊಮ್ಮೆ ಬಂದು ಕೇಳಿ

ಶಾಲಾ ತಪಾಸಣೆಗೆ ಬಂದಿದ್ದ ಮಾನ್ಯ ಸಾಹೇಬರೇ,

ಎರಡು ತಿಂಗಳ ಹಿಂದೆ ನಮ್ಮೂರ ಶಾಲೆಗೆ ಬಂದು, ಮೂರನೇ ತರಗತಿಯ ಒಂದೇ ಮಗುವಿಗೆ ಒಂದೇ ಪ್ರಶ್ನೆ ಕೇಳಿ, ‘ಮಕ್ಕಳಿಗೆ ಮಗ್ಗಿ ಬಾರದು’ ಎಂದು ಭೇಟಿ ಪುಸ್ತಕದಲ್ಲಿ ಬರೆದು ಹೋದಿರಿ. ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಶಿಸ್ತುಕ್ರಮ ಎಂದು ಈ ವಾರ ರುದ್ರಾಣಿ ಟೀಚರಿಗೆ ನೋಟಿಸು ಬಂದಿದೆ. ಆ ಮಗು ನನ್ನ ಅಕ್ಕನ ಮಗಳು ಧನುಶ್ರೀ. ಅಪರಾಧಿ ಟೀಚರಲ್ಲ, ನಾನು.

ನಾನು ಯಾರೆಂದು ಕೇಳುತ್ತೀರಾ? ಏಳನೇ ಕ್ಲಾಸಿನವರೆಗೆ ಓದಿ, ಇಪ್ಪತ್ತರವರೆಗಿನ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ, ಹುಲ್ಲಹಳ್ಳಿ ಸಂತೆಯಿಂದ ಕ್ಯಾಲ್ಕುಲೇಟರ್ ಮಾರುವವನನ್ನೇ ಓಡಿಸಿದವನು. ಅವನು ಓಡಿದ್ದು ನನಗೋ ಮಳೆಗೋ ಎಂಬ ವಿವಾದ ಊರಲ್ಲಿ ಇನ್ನೂ ಇದೆ, ಅದು ಬೇರೆ ಮಾತು. ದಿನಾ ಬೆಳಿಗ್ಗೆ ಧನುಶ್ರೀಯನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಪೆಡಲಿನ ತಾಳಕ್ಕೆ ಮಗ್ಗಿ ಹೇಳಿಸಿದವನು ನಾನೇ. ನಾಲೆ ಏರಿ ಹತ್ತುವಾಗ ಏಳೊಂದ್ಲಿ ಏಳು. ಶಾಲೆ ಗೇಟಿಗೆ ಏಳ್ಹತ್ಲಿ ಎಪ್ಪತ್ತು.

ನೀವು ಕೇಳಿದ್ದು ಏಳೆಂಟ್ಲಿ. ಮಗು ನಾಲೆ ಏರಿಯಿಂದ ಹೊರಟಿತು. ಇಪ್ಪತ್ತೆಂಟಕ್ಕೆ ಬರುವಷ್ಟರಲ್ಲಿ ನೀವು ತಡೆದಿರಿ. ಅದು ಮತ್ತೆ ಮೊದಲಿಗೆ ಹೋಯಿತು. ಮತ್ತೆ ತಡೆದಿರಿ. ಮೂರನೇ ಸಲಕ್ಕೆ, “ನಡೂಲಿ ತಡುದ್ರೆ ಮತ್ತೆ ಮೊದ್ಲಿಂದ ಬರ್ಬೇಕಾಯ್ತದೆ, ಒಸಿ ಸುಮ್ನಿರಿ ಸಾ” ಎಂದಿತಂತೆ. ನಿಮಗದು ಉದ್ಧಟತನವಾಗಿ ಕಂಡಿತು. ಸ್ವಾಮಿ, ಹುಲ್ಲಹಳ್ಳಿಯಲ್ಲಿ ಹೊರಟ ಬಸ್ಸನ್ನು ಅರ್ಧ ದಾರಿಯಲ್ಲಿ ಮೂರು ಸಲ ಹಿಂದಕ್ಕೆ ಕಳಿಸಿ, ಏಕೆ ನಂಜನಗೂಡು ಮುಟ್ಟಲಿಲ್ಲವೆಂದು ಡ್ರೈವರನ್ನು ಕೇಳುವುದು ಯಾವ ನ್ಯಾಯ?

ಇದನ್ನೇ ದೊಡ್ಡ ದನಿಯಲ್ಲಿ ಹೇಳಲು ಅಂದೇ ಸಂಜೆ ಶಾಲೆ ಬಿಡುವ ಹೊತ್ತಿಗೆ ಟೀಚರ ಬಳಿ ಹೋದೆ. ಅವರು ಶಾಂತವಾಗಿ, “ಅದಿರ್ಲಿ ಅಣ್ಣ, ನಿಮ್ಗೆ ಏಳೆಂಟ್ಲಿ ಎಷ್ಟು?” ಎಂದರು. ನನ್ನ ತುಟಿ ತಾನಾಗಿಯೇ ಏಳೊಂದ್ಲಿಯಿಂದ ಅಲುಗಿತು. ನಿಂತಲ್ಲೇ ಬಲಗಾಲು ಪೆಡಲ್ ತುಳಿಯಿತು. ಮಕ್ಕಳೆಲ್ಲ ನಕ್ಕರು. ಇಪ್ಪತ್ತರವರೆಗಿನ ನನ್ನ ವಿದ್ಯೆಯೆಲ್ಲ ಬರೀ ರಾಗವೆಂದು ಅಂದು ತಿಳಿಯಿತು.

ಮಾರನೆಯ ದಿನದಿಂದ ಟೀಚರು ಹುಣಸೆಬೀಜ ತಂದರು. ಏಳೇಳು ಬೀಜದ ಐದು ಸಾಲು ಮೂವತ್ತೈದು, ಇನ್ನೂ ಮೂರು ಸಾಲು ಇಪ್ಪತ್ತೊಂದು, ಕೂಡಿದರೆ ಐವತ್ತಾರು. ದಿನಕ್ಕೆ ಮೂರೇ ಲೆಕ್ಕ. ಸಂಜೆ ಐದು ನಿಮಿಷ ಚೆಂಡು ಎಸೆದು, ಹಿಂದುಮುಂದು ಮಾಡಿ ಕೇಳುತ್ತಾರೆ. ಹಿಡಿದವರು ಹೇಳಬೇಕು. ಈಗ ಕ್ಯಾರಿಯರ್ ಮೇಲಿಂದ ಪ್ರಶ್ನೆ ಹಾಕುವವಳು ಧನುಶ್ರೀ. “ಮಾವ, ಆರೊಂಬತ್ಲಿ? ತುಟಿ ಆಡುಸ್ಬ್ಯಾಡ.” ನಾನು ಉತ್ತರ ಮುಟ್ಟುವಷ್ಟರಲ್ಲಿ ಶಾಲೆ ಬಂದಿರುತ್ತದೆ.

ಟೀಚರು ಬರೆದಿಟ್ಟಿರುವ ಸಮಜಾಯಿಷಿಯಲ್ಲಿ ನನ್ನ ಹೆಸರಿಲ್ಲ, ಮಗುವಿನ ಹೆಸರೂ ಇಲ್ಲ. ತಪ್ಪು ತಮ್ಮದೆಂದು ಸಹಿ ಹಾಕಿದ್ದಾರೆ. ಅದಕ್ಕೇ ಈ ಪತ್ರ. ದಯವಿಟ್ಟು ಇನ್ನೊಮ್ಮೆ ಬನ್ನಿ. ಯಾವ ಮಗ್ಗಿಯನ್ನಾದರೂ ಎಲ್ಲಿಂದಲಾದರೂ ಕೇಳಿ, ಭೇಟಿ ಪುಸ್ತಕದ ಆ ಹಳೆಯ ಸಾಲಿನ ಕೆಳಗೆ ಕಂಡದ್ದನ್ನು ಬರೆದು, ನೋಟಿಸು ವಾಪಸು ಪಡೆಯಿರಿ. ಧನುಶ್ರೀ ನಿಮಗೂ ಒಂದು ಲೆಕ್ಕ ಕೇಳುತ್ತಾಳಂತೆ. ನಡುವೆ ತಡೆಯುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾಳೆ.

ಇಂತಿ,
ಏಳೊಂದ್ಲಿಯಿಂದ ಹೊರಟು ಇನ್ನೂ ದಾರಿಯಲ್ಲಿರುವ
ಪುಟ್ಟರಾಜು, ಧನುಶ್ರೀಯ ಸೋದರಮಾವ
ಹುಲ್ಲಹಳ್ಳಿ ಹೋಬಳಿ, 2003