ಕೊನೆಯ ದೃಶ್ಯದ ಕುಲುಮೆ

ಮರುಬಳಕೆ ಕಂಪನಿಯ ಮ್ಯಾನೇಜರ್ ಅವರಿಗೆ,

ನಿಮ್ಮ ಕಾರ್ಟೂನ್ ಜಾಹೀರಾತು ಕೊನೆಯ ದೃಶ್ಯವೊಂದನ್ನು ಬಿಟ್ಟು ಮುಗಿದಿದೆ. ಹಳೆಯ ಮೊಬೈಲು ನಗುನಗುತ್ತಾ ನಿಮ್ಮ ಡಬ್ಬಿಗೆ ಹಾರುತ್ತದೆ. ಇನ್ನು ಕುಲುಮೆಯಲ್ಲಿ ಕರಗಬೇಕು. ಆ ಪಾತ್ರಕ್ಕೆ ಮಾದರಿ ನನ್ನದೇ ಹಳೆಯ ಮೊಬೈಲು. ಅದರ ಬೆನ್ನಿಗೆ ಮಗಳು ಉಗುರುಬಣ್ಣದಲ್ಲಿ ಎರಡು ಕಣ್ಣು ಬರೆದಿದ್ದಳು. ಹೇಗೂ ಕರಗುತ್ತದಲ್ಲ ಎಂದು ಫೋಟೋ ಕೂಡ ಅಳಿಸದೆ ನಿಮ್ಮ ಡಬ್ಬಿಗೇ ಹಾಕಿದೆ.

ನಿನ್ನೆ ಅದು ಸೆಕೆಂಡ್‌ಹ್ಯಾಂಡ್ ಅಂಗಡಿಯ ಗಾಜಿನೊಳಗಿಂದ ನನ್ನನ್ನೇ ನೋಡುತ್ತಿತ್ತು. ಹೊರಗೆ ತೆಗೆಸಿ ಆನ್ ಮಾಡಿದರೆ ಮಗಳ ಫೋಟೋಗಳೂ ಹಾಗೇ ಇದ್ದವು. ಎಲ್ಲಿಂದ ಬಂತೆಂದು ಕೇಳಿದರೆ ಅಂಗಡಿಯವನು, "ಚೀಲಗಟ್ಟಲೆ ಬರುತ್ತೆ ಅಕ್ಕಾ, ತಗೊಳ್ಳೋದಾದ್ರೆ ತಗೊಳ್ಳಿ, ತಲೆ ತಿನ್ಬೇಡಿ" ಎಂದ.

ಕುಲುಮೆ ತೋರಿಸಿ ಎಂದಾಗಲೆಲ್ಲ ನೀವು, "ಯಾವ್ದೋ ಒಂದು ಬೆಂಕಿ ಬರೀರಿ, ಯಾರು ನೋಡಿದಾರೆ?" ಎಂದಿರಿ. ದಯವಿಟ್ಟು ಈ ವಾರ ತೋರಿಸಿ. ಇಲ್ಲದಿದ್ದರೆ ಕೊನೆಯ ದೃಶ್ಯಕ್ಕೆ ಆ ಅಂಗಡಿಯನ್ನೇ ಬರೆಯುತ್ತೇನೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಂತಿ,
ನಿಮ್ಮ ಕಾರ್ಟೂನಿನವಳು